ಗಡ್ಡ ತುಂಬಿದ ಕೊಳ

ಸೂರ್ಯನಿಗೆ ಇನ್ನೂ ಹೊಸ ಕೆಲಸದ ಹುರುಪಿದ್ದ ಕಾಲದಲ್ಲಿ ಬೆಳ್ವೊಳಲು ಎಂಬ ರಾಜ್ಯವಿತ್ತು. ಎಲ್ಲಿತ್ತು ಎಂದು ಕೇಳಬೇಡಿ. ಕೇಳಿದವರಿಗೆಲ್ಲ ನಾನು ಬೇರೆ ಬೇರೆ ದಿಕ್ಕು ತೋರಿಸಿದ್ದೇನೆ. ಆ ರಾಜ್ಯದ ಅರಮನೆಯ ಹಿತ್ತಲಲ್ಲಿ ಒಂದು ಕೊಳ, ಕೊಳದಲ್ಲಿ ಒಂದು ಬೆಳ್ಳಿಮೀನು. ಆ ಮೀನೇ ರಾಜಕುಮಾರಿ ಕುವಲಯೆ.

ಅವಳು ಮೀನಾದದ್ದು ನಕ್ಕಿದ್ದಕ್ಕೆ. ಅವಳ ಮದುವೆಯ ಊಟಕ್ಕೆ ಗುಗ್ಗಳ ಎಂಬ ಮಾಂತ್ರಿಕ ಬಂದಿದ್ದ. ಅವನ ಗಡ್ಡ ಹಚ್ಚಹಸಿರು. ಅವನು ಎಲೆಯ ಮುಂದೆ ಕೂತರೂ ಗಡ್ಡದ ತುದಿ ಇನ್ನೂ ಹೆಬ್ಬಾಗಿಲು ದಾಟುತ್ತಿತ್ತು. ಪಾಯಸ ಬಡಿಸಿದ್ದೇ ತಡ, ಮಾಂತ್ರಿಕ ಬಾಯಿ ತೆರೆಯುವ ಮೊದಲೇ ಗಡ್ಡ ಅದನ್ನೆಲ್ಲ ಹೀರಿಬಿಟ್ಟಿತು. ಕುವಲಯೆ ಕಿಸಕ್ಕನೆ ನಕ್ಕಳು. ಗುಗ್ಗಳ ಎಂಜಲು ಕೈಯಲ್ಲೇ ಎದ್ದು ಶಾಪ ಕೊಟ್ಟ.

“ಮೀನಾಗು. ಕೊಳದ ತಳದಿಂದ ನಿನ್ನ ಗಂಡನ ಮುಖ ಕಂಡ ದಿನ ಮತ್ತೆ ಹೆಣ್ಣಾಗು.”

ಹಾಗೆಂದವನು ತಾನೂ ಕೊಳಕ್ಕಿಳಿದು ಗಡ್ಡ ಹರಡಿಕೊಂಡು ಕೂತ. ನಾವು ನೀವು ಪಾಚಿ ಎನ್ನುವುದು ಅದನ್ನೇ. ದಡದಿಂದ ದಡಕ್ಕೆ ಹಸಿರು. ನಡುವೆ ಅವನ ತಲೆ ಮಾತ್ರ ಬೋರಲು ಬಿದ್ದ ಮಡಕೆಯಂತೆ ತೇಲುತ್ತಿತ್ತು. ಆ ಗಡ್ಡದ ಕೆಳಗಿನಿಂದ ಯಾರ ಮುಖ ತಾನೆ ಕಂಡೀತು?

ಗಂಡ ಪುಷ್ಕಳ, ಪಕ್ಕದ ರಾಜ್ಯದ ಕಿರಿಯ ರಾಜಕುಮಾರ. ಬಾಸಿಂಗ ಬಿಚ್ಚುವ ಮೊದಲೇ ಹೆಂಡತಿ ನೀರುಪಾಲು. ಮಳೆಗಾಲ ಬಂದರೆ ಕೊಳ ಕೋಡಿ ಬೀಳುತ್ತದೆ. ಕೋಡಿಯ ನೀರು ನದಿಗೆ, ನದಿ ಕಡಲಿಗೆ. ಆಮೇಲೆ ಯಾವ ಮೀನನ್ನು ಹೆಂಡತಿ ಎಂದು ಕರೆಯುವುದು?

ಮೊದಲ ಉಪಾಯ, ಕುಡುಗೋಲು. ಪುಷ್ಕಳ ಕಚ್ಚೆ ಕಟ್ಟಿ ನೀರಿಗಿಳಿದು ಗಡ್ಡವನ್ನು ಕೊಯ್ದ. ಬಲೆ ಹಾಕಿ ಆನೆಗಳಿಂದ ಎಳೆಸಿದ. ದಡದ ಮೇಲೆ ಹಸಿರು ಗುಡ್ಡವೇ ಎದ್ದಿತು. ಮರುದಿನ ಬಂದು ನೋಡಿದರೆ ಕೊಯ್ದದ್ದರ ಎರಡರಷ್ಟು ಬೆಳೆದಿದೆ.

“ಕ್ಷೌರ ಚೆನ್ನಾಗಿತ್ತು ಅಳಿಯಂದಿರೇ,” ಎಂದ ಗುಗ್ಗಳ. “ಕಿವಿಯ ಹತ್ತಿರ ಸ್ವಲ್ಪ ಉಳಿದಿದೆ, ನೋಡಿ.”

ಎರಡನೆಯ ಉಪಾಯ ಮಂತ್ರಿಯದು, ಮೈಲುತುತ್ತ. ಆ ನೀಲಿ ಪುಡಿ ಸುರಿದದ್ದೇ ಗಡ್ಡ ಕಂದಿತು, ಕೊಳೆಯಿತು, ನಾರಿತು. ಅರಮನೆಯವರು ಮೂಗು ಮುಚ್ಚಿಕೊಂಡೇ ಮಾತಾಡಬೇಕಾಯಿತು. ಅಷ್ಟೇ ಆಗಿದ್ದರೆ ಸಹಿಸಬಹುದಿತ್ತು. ಬೆಳ್ಳಿಮೀನು ಮೇಲಕ್ಕೆ ಬಂದು, ಅಡ್ಡಲಾಗಿ ಮಲಗಿ, ಬಾಯಿ ಬಾಯಿ ಬಿಟ್ಟಿತು. ಪುಷ್ಕಳ ಸಂಜೆಯ ತನಕ ಬಾವಿಯ ನೀರು ಸೇದಿ ಸೇದಿ ಸುರಿದು ಅದನ್ನು ಉಳಿಸಿಕೊಂಡ. ಅಷ್ಟರಲ್ಲಿ ಕೊಳೆತದ್ದನ್ನೇ ತಿಂದು ಹೊಸ ಗಡ್ಡ ಚಿಗುರಿತು.

“ಗೊಬ್ಬರಕ್ಕೆ ಬಹಳ ಉಪಕಾರವಾಯಿತು,” ಎಂದ ಗುಗ್ಗಳ.

ಪುಷ್ಕಳನಿಗೆ ಸಾಕುಸಾಕಾಯಿತು. ಕೊಡೆ ಬಿಡಿಸಿಕೊಂಡು ಮೆಟ್ಟಿಲ ಮೇಲೆ ಕೂತ. ಕೂತು ಕೂತು ನೋಡಿದರೆ, ಕೊಡೆಯ ನೆರಳು ಬಿದ್ದ ಕಡೆ ಗಡ್ಡ ಮೆಲ್ಲಗೆ ಹಿಂದಕ್ಕೆ ಸರಿಯುತ್ತಿದೆ.

“ಆ ಕೊಡೆ ಅತ್ತ ತಿರುಗಿಸು ಮಾರಾಯ,” ಎಂದ ಗುಗ್ಗಳ.

“ತಿರುಗಿಸದಿದ್ದರೆ?”

“ಏನಿಲ್ಲ. ಸುಮ್ಮನೆ ಹೇಳಿದೆ.”

ಸುಮ್ಮನೆ ಹೇಳುವ ಮುಖ ಅದಾಗಿರಲಿಲ್ಲ. ಪುಷ್ಕಳ ಮೂರನೆಯ ಉಪಾಯ ಹೂಡಿದ. ಪಡುವಣದ ಬಿಸಿಲು ಬೀಳುವ ಕಡೆಗೆಲ್ಲ ತೆಂಗಿನ ಗರಿಯ ಚಪ್ಪರ ಹಾಕಿಸಿದ. ಹಿಂದೆ ಅಲ್ಲಿ ಹೊಂಗೆಯ ಮರಗಳಿದ್ದವು. ಅರಮನೆ ನೀರಲ್ಲಿ ಕಾಣಲಿ ಎಂದು ಮಾವನವರು ಕಡಿಸಿದ್ದರು. ಆ ಸುದ್ದಿ ತೆಗೆದರೆ ಅವರಿಗೆ ಕೆಮ್ಮು ಬರುತ್ತಿತ್ತು. ನಡುಗೊಳದಲ್ಲಿ ತಾವರೆ, ನೈದಿಲೆಗಳ ಗೆಡ್ಡೆ ಊರಿಸಿದ, ಅಂಚಿಗೆ ಜೊಂಡು ನೆಡಿಸಿದ. ಎಲೆಗಳು ಹಾಸಿಕೊಂಡು ಬಿಸಿಲು ತಡೆದವು. ಜೊಂಡು ಬೇರಿಳಿಸಿ ಗಡ್ಡದ ಪಾಲಿನ ಸಾರವನ್ನು ತಾನು ಹೀರಿತು.

ಗಡ್ಡ ತೆಳುವಾಯಿತು. ಮತ್ತೆ ದಪ್ಪವಾಯಿತು. ತೆಳುವಾಯಿತು, ದಪ್ಪವಾಯಿತು. ಪುಷ್ಕಳ ತನ್ನ ತಲೆಗೂದಲನ್ನೇ ಕಿತ್ತುಕೊಳ್ಳುವುದೊಂದು ಬಾಕಿ.

ಕಾರಣ ತವರಿನ ತುತ್ತು. ಬೆಳ್ವೊಳಲಿನಲ್ಲಿ ಮದುವೆಯಾದ ಮಗಳು ತವರಿನಲ್ಲಿದ್ದರೆ ಮನೆಯವರೆಲ್ಲ ಅವಳಿಗೊಂದು ತುಪ್ಪದನ್ನದ ತುತ್ತು ಕೊಡಬೇಕು. ಕೊಟ್ಟವರು ತಿರುಗಿ ನೋಡಬಾರದು, ದೃಷ್ಟಿಯಾಗುತ್ತದೆ. ಹಾಗಾಗಿ ಮಹಾರಾಣಿ ಮಲ್ಲಾಂಬಿಕೆ, ಮಹಾರಾಜರು, ಚಿಕ್ಕಮ್ಮಂದಿರು, ದಾಸಿಯರು, ಎಲ್ಲರೂ ಎರಡು ಹೊತ್ತು ಬಂದು ಕೊಳಕ್ಕೆ ಅನ್ನ ಹಾಕಿ, ಕಣ್ಣೊರೆಸಿಕೊಂಡು, ಬೆನ್ನು ತಿರುಗಿಸಿ ಹೋಗುತ್ತಿದ್ದರು.

ಅಳಿಯನಾದವನು ಅತ್ತೆಯ ಜೊತೆ ನೇರ ಮಾತಾಡುವ ಹಾಗಿರಲಿಲ್ಲ, ಅದೂ ಅಲ್ಲಿಯ ಪದ್ಧತಿ. ಪುಷ್ಕಳ ಚಪ್ಪರದ ಕಂಬಕ್ಕೆ ಹೇಳಿದ:

“ಕಂಬವೇ, ನೀರಿಗೆ ಅನ್ನ ಹಾಕಬಾರದು ಎಂದು ಅತ್ತೆಯವರಿಗೆ ಹೇಳು.”

ಮಹಾರಾಣಿಯೂ ಕಂಬಕ್ಕೇ ಹೇಳಿದಳು: “ಹೆತ್ತ ಮಗಳನ್ನು ಉಪವಾಸ ಕೆಡವುವಷ್ಟು ನಮ್ಮ ಮನೆಗೆ ಬಡತನ ಬಂದಿಲ್ಲ ಎಂದು ಅಳಿಯಂದಿರಿಗೆ ಹೇಳು, ಕಂಬವೇ.”

“ಮೀನು ಹುಳ ತಿನ್ನುತ್ತದೆ ಎಂದು ಹೇಳು, ಕಂಬವೇ.”

“ಹುಳ ತಿನ್ನಿಸಲಿಕ್ಕಾ ನಾನು ಮಗಳನ್ನು ಕೊಟ್ಟದ್ದು ಎಂದು ಕೇಳು.”

ಕಂಬ ಏನು ಮಾಡೀತು? ಹೀಗೇ ದಿನ ಹೋಯಿತು. ಒಂದು ಮಧ್ಯಾಹ್ನ ಮೂಡಣದಲ್ಲಿ ಕರಿಮೋಡ ಎದ್ದಿತು, ತಣ್ಣನೆ ಗಾಳಿ ಬೀಸಿತು. ಮಹಾರಾಣಿ ಬೆಳ್ಳಿತಟ್ಟೆ ಹಿಡಿದು ಬಂದಳು. ಪುಷ್ಕಳ ಮೋಡ ನೋಡಿದ, ತಟ್ಟೆ ನೋಡಿದ, ಕಂಬ ನೋಡಿದ. ಆಮೇಲೆ ಕಂಬಕ್ಕೆ ಬೆನ್ನು ಹಾಕಿ ನಿಂತ.

“ಅತ್ತೇ,” ಎಂದ. ದಾಸಿಯರ ಕೈಯ ಚಾಮರ ನಿಂತುಹೋಯಿತು. “ತುತ್ತು ಹಾಕಿ. ನಾನು ಬೇಡ ಅನ್ನುವುದಿಲ್ಲ. ಹಾಕಿ ತಿರುಗಬೇಡಿ. ಇಲ್ಲೇ ಕೂತು ನೋಡಿ.”

“ದೃಷ್ಟಿಯಾದರೆ?”

“ಆದರೆ ನನ್ನ ಕಣ್ಣು ಕೀಳಿಸಿ.”

ಮಹಾರಾಣಿ ತುತ್ತು ಹಾಕಿ ಕೂತಳು. ತುತ್ತು ಮುಳುಗಲೇ ಇಲ್ಲ. ಗಡ್ಡದ ಎಳೆಗಳು ಅದನ್ನು ಕೈಯಿಂದ ಕೈಗೆ ದಾಟಿಸಿ ನಡುಗೊಳಕ್ಕೆ ಒಯ್ದವು. ಮಡಕೆಯಂಥ ತಲೆ ಬಾಯಿ ತೆರೆದು ಗುಳುಂ ಎಂದಿತು. ನೋಡುತ್ತಿದ್ದ ಹಾಗೆ ಗಡ್ಡ ಗೇಣುದ್ದ ಬೆಳೆಯಿತು.

“ತುಪ್ಪ ಇವತ್ತು ಸ್ವಲ್ಪ ಕಡಿಮೆಯಾಯಿತು ತಾಯಿ,” ಎಂದ ಗುಗ್ಗಳ.

ಮಹಾರಾಣಿ ಅಳಿಯನ ಕಡೆ ತಿರುಗಿದಳು. “ನನ್ನ ಮಗಳ ಬಾಯಿಗೆ ಒಂದಗುಳೂ ಹೋಗಿಲ್ಲವಾ ಅಳಿಯಂದಿರೇ?” ಎಂದಳು.

“ಇಲ್ಲ ಅತ್ತೆ.”

ಅವಳು ತಟ್ಟೆ ಕೆಳಗಿಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಮೇಲಿನ ಮೆಟ್ಟಿಲಲ್ಲಿ ಕಾವಲು ಕೂತುಬಿಟ್ಟಳು. ಚಿಕ್ಕಮ್ಮಂದಿರು ಬಂದರು, ಬೈಸಿಕೊಂಡು ಹೋದರು. ಮಹಾರಾಜರು ಮಡಿಲಲ್ಲಿ ಅನ್ನ ಬಚ್ಚಿಟ್ಟುಕೊಂಡು ಬಂದರು, ಅವರೂ ಬೈಸಿಕೊಂಡು ಹೋದರು. ಮೇಲೆ ಬಿಸಿಲಿಲ್ಲ, ಬಾಯಿಗೆ ಅನ್ನವಿಲ್ಲ. ಸಂಜೆಯಾಗುವಷ್ಟರಲ್ಲಿ ಗಡ್ಡ ಎಳೆ ಎಳೆಯಾಗಿ ಕಳಚಿತು. ಮಾಂತ್ರಿಕನ ಬಲವೆಲ್ಲ ಗಡ್ಡದಲ್ಲೇ ಇತ್ತು. ಅದು ಹೋದ ಮೇಲೆ ಗುಗ್ಗಳ ಗಲ್ಲವಿಲ್ಲದ ಸಣ್ಣ ಮನುಷ್ಯ. ದಡ ಹತ್ತಿ, ಯಾರ ಮುಖವನ್ನೂ ನೋಡದೆ, ಹಿಂಬಾಗಿಲಿಂದ ರಾಜ್ಯ ಬಿಟ್ಟು ನಡೆದ.

ನೀರು ತಿಳಿಯಾಯಿತು. ಪುಷ್ಕಳ ತಾವರೆ ಎಲೆಗಳನ್ನು ಸರಿಸಿ ಬಗ್ಗಿದ. ಆಗಲೇ ಮಳೆಯ ಮೊದಲ ಹನಿ ಬಿದ್ದು, ನೀರು ಕದಡಿ, ಅವನ ಮುಖ ಚೂರುಚೂರಾಯಿತು. ಮೇಲಿನ ಊರುಗಳಲ್ಲಿ ಮಳೆ ಮೊದಲೇ ಸುರಿದು, ಕೋಡಿಯ ಕಡೆ ನೀರು ಏರುತ್ತಿತ್ತು. ಮಹಾರಾಣಿ ಸೊಂಟದ ಸೆರಗು ಬಿಚ್ಚಿ, ನೀರಿಗಿಳಿದು, ಅಳಿಯನ ತಲೆಯ ಮೇಲೆ ಎರಡೂ ಕೈಯಿಂದ ಹರಡಿ ಹಿಡಿದಳು. ಸೆರಗಿನ ಅಗಲದಷ್ಟು ನೀರು ಅಲುಗಾಡದೆ ನಿಂತಿತು.

ತಳದಲ್ಲಿ ಬೆಳ್ಳಿಮೀನು ತಲೆಯೆತ್ತಿತು.

ಕುವಲಯೆ ಮದುವೆಯ ಸೀರೆಯಲ್ಲೇ ಮೇಲೆ ಬಂದಳು, ಹೆರಳಿಗೆ ನೈದಿಲೆಯ ಬೇರು ಸುತ್ತಿಕೊಂಡು. ಗಂಡನ ಮುಖವನ್ನು ಹತ್ತಿರದಿಂದ ನೋಡಿದಳು. ಅವಳ ಹುಬ್ಬು ಗಂಟಾಯಿತು.

“ಎಷ್ಟು ಸೊರಗಿದ್ದೀರಿ,” ಎಂದಳು. “ಅಮ್ಮಾ, ಇವರಿಗೆ ಯಾರೂ ಊಟ ಹಾಕಲಿಲ್ಲವಾ?”

ಪುಷ್ಕಳ ಅತ್ತೆಯನ್ನು ನೋಡಿದ. ಅತ್ತೆ ಕಂಬವನ್ನು ನೋಡಿದಳು. ಆ ಮಳೆಗಾಲವೆಲ್ಲ ಬೆಳ್ವೊಳಲಿನವರು ಅನ್ನವನ್ನು ಕೊಳಕ್ಕೆ ಹಾಕದೆ ಎಲೆಯ ಮೇಲೇ ಬಡಿಸಿಕೊಂಡು ಉಂಡರು. ಮಳೆಗಾಲ ಮುಗಿದ ಮೇಲೂ ಹಾಗೇ ಉಂಡರು. ಕೊಳದ ಕಪ್ಪೆಗಳ ಸಮೇತ ಎಲ್ಲರೂ ಸುಖವಾಗಿದ್ದರು.