ಕ್ಯಾಸ್ಪೇಸ್ ಎಚ್ಚರಗೊಂಡಾಗ

ಪರದೆಯ ಮೇಲೆ ನಿಂಗವ್ವ ಕಮ್ಮಾರಳ ಯಕೃತ್ತಿನ ಗಡ್ಡೆ ಹಳದಿಯಾಗುತ್ತ ಹೊರಟಿತ್ತು. ಒಂದೊಂದು ಹಳದಿ ಚುಕ್ಕೆಯೂ ಒಂದು ಕ್ಯಾನ್ಸರ್ ಕೋಶದ ಸಾವು. ೨೦೫೮ರ ಬೇಸಿಗೆ. ಹುಬ್ಬಳ್ಳಿಯ ಆ ಸಂಶೋಧನಾ ಆಸ್ಪತ್ರೆಯಲ್ಲಿ ಎಲ್ಲರ ಮುಖವೂ ಅರಳಿತ್ತು. ಔಷಧ ಕಂಡುಹಿಡಿದ ಮಂದಾಕಿನಿ ದೇಸೂರ ಮಾತ್ರ ಗಡ್ಡೆಯ ಅಂಚನ್ನೇ ನೋಡುತ್ತಿದ್ದಳು.

ಮೈಯ ಕೋಶಗಳಲ್ಲೆಲ್ಲ ಕ್ಯಾಸ್ಪೇಸ್ ಎಂಬ ಕಿಣ್ವಗಳು ನಿದ್ರಿಸುತ್ತಿರುತ್ತವೆ. ಕೋಶ ಕೆಟ್ಟಿತೆಂದರೆ ಅವು ಎದ್ದು, ಕತ್ತರಿಯಂತೆ ಒಳಗಿನ ಪ್ರೋಟೀನುಗಳನ್ನು ತುಂಡರಿಸಿ, ಅಕ್ಕಪಕ್ಕಕ್ಕೆ ಗಾಸಿಯಾಗದಂತೆ ಅದನ್ನು ಮುಗಿಸುತ್ತವೆ. ಕ್ಯಾನ್ಸರ್ ಕೋಶ ಈ ಕಿಣ್ವಗಳಿಗೆ ತಡೆ-ಪ್ರೋಟೀನುಗಳ ಕಾವಲಿಟ್ಟು, ಸಾಯದೆ ಬೆಳೆಯುತ್ತದೆ. ಮಂದಾಕಿನಿಯ ಔಷಧ ಆ ಕಾವಲನ್ನು ಕಿತ್ತುಹಾಕುತ್ತಿತ್ತು. ಆದರೆ ಕಾವಲು ಒಳ್ಳೆಯ ಕೋಶಗಳಲ್ಲೂ ಇತ್ತು, ಕಡಿಮೆ ಅಷ್ಟೆ.

ಮಧ್ಯಾಹ್ನ ಗಡ್ಡೆಯ ಅಂಚಿನಾಚೆ ಒಂದು ಹಳದಿ ಚುಕ್ಕೆ ಮೂಡಿತು. ಅದರ ಪಕ್ಕದಲ್ಲಿ ಮತ್ತೊಂದು. ಅಲ್ಲಿ ಕ್ಯಾನ್ಸರ್ ಇರಲಿಲ್ಲ.

ರೈಲ್ವೆ ಕಾರ್ಖಾನೆಯಲ್ಲಿ ಬೆಸುಗೆ ಹಾಕುತ್ತಿದ್ದ ನಿಂಗವ್ವ ಮಂಚದ ಮೇಲಿಂದಲೇ ಪರದೆ ನೋಡುತ್ತಿದ್ದಳು. ಔಷಧ ನಿಲ್ಲಿಸಬೇಕಾಗಿದೆ, ಗಡ್ಡೆ ಸ್ವಲ್ಪ ಉಳಿಯುತ್ತದೆ ಎಂದು ಮಂದಾಕಿನಿ ತಿಳಿಸಿದಾಗ ಅವಳು ಮೊಣಕೈ ಊರಿ ಎದ್ದು ಕೂತಳು.

"ಇನ್ನೊಂಚೂರ ಉಳದೈತಲ್ರಿ ಡಾಕ್ಟರ್ ಬಾಯಾರ. ಮುಗಿಸೇ ಬಿಡ್ರಿ. ನಾ ತಡ್ಕೋತೀನಿ."

"ನೀವು ತಡ್ಕೋತೀರಿ ನಿಂಗವ್ವಾರ, ನಿಮ್ಮ ಲಿವರ್ ತಡ್ಕೊಳ್ಳೂದಿಲ್ಲ. ಕೋಶಗಳಿಗೆ ಸಾಯ್ರಿ ಅಂತ ಹೇಳೂದು ನನಗ ಬರ್ತದ. ಯಾರಿಗೆ ಅಂತ ಬಿಡಿಸಿ ಹೇಳಲಿಕ್ಕೆ ಇನ್ನೂ ಬರವಲ್ದು."

ಔಷಧ ನಿಲ್ಲಿಸಿ, ಕಿಣ್ವಗಳನ್ನು ತಡೆಯುವ ಚುಚ್ಚುಮದ್ದು ಕೊಟ್ಟಮೇಲೂ ಅವು ಕೂಡಲೇ ಮಲಗಲಿಲ್ಲ. ಎದ್ದ ಒಂದು ಕ್ಯಾಸ್ಪೇಸ್ ಇನ್ನೆಷ್ಟನ್ನೋ ಎಬ್ಬಿಸುತ್ತದೆ. ಅಂಚಿನಾಚೆ ಚುಕ್ಕೆಗಳು ಹೆಚ್ಚುತ್ತಲೇ ಹೋದವು. ಮಂದಾಕಿನಿ ನಿಂಗವ್ವಳ ಕೈ ಹಿಡಿದು ಕೂತಳು. ತಾನು ತಡಮಾಡಿದೆನೇ ಎಂಬ ಒಂದೇ ಯೋಚನೆ ಕೊರೆಯುತ್ತಿತ್ತು. ದೀಪ ಹಚ್ಚುವ ಹೊತ್ತಿಗೆ ಚುಕ್ಕೆ ಮೂಡುವುದು ನಿಧಾನವಾಯಿತು, ಆಮೇಲೆ ನಿಂತಿತು.

ನಿಂಗವ್ವ ಉಳಿದಳು. ಗಡ್ಡೆಯ ಚೂರೂ ಉಳಿಯಿತು. ಅವಳು ಮತ್ತೆ ಕಾರ್ಖಾನೆಗೆ ಹೋಗತೊಡಗಿದಳು. ತಪಾಸಣೆಗೆ ಬಂದಾಗಲೆಲ್ಲ ಇಬ್ಬರೂ ಪರದೆಗೆ ಬಾಗಿ ಚೂರು ಬೆಳೆದಿದೆಯೇ ಎಂದು ನೋಡುವುದು ರೂಢಿಯಾಯಿತು. ಒಮ್ಮೆ ನಿಂಗವ್ವ, ಕೆಟ್ಟವು ಹಾಗಿರಲಿ, ತನ್ನ ಒಳ್ಳೆಯ ಕೋಶಗಳು ಎಂದೂ ಸಾಯದಂತೆ ಮಾಡಲು ಬರುತ್ತದೆಯೇ ಎಂದು ಕೇಳಿದಳು.

ಮಂದಾಕಿನಿ ಪರದೆಯ ಮೇಲಿನ ಗಡ್ಡೆಯ ಚೂರಿನತ್ತ ಬೆರಳು ತೋರಿಸಿದಳು. "ಸಾಯಂಗಿಲ್ಲ ಅಂತ ಹಟ ಹಿಡಿದ ಮ್ಯಾಲೇನೇ ಅವು ಕೆಟ್ಟವಾಗೂದು, ನಿಂಗವ್ವಾರ."

ಇದು ಇನ್ನೂ ಬಾರದ ಕಾಲದ ಮಾತು. ಆದರೆ ನೀವು ಇದನ್ನು ಓದಿ ಮುಗಿಸುವಷ್ಟರಲ್ಲಿ ನಿಮ್ಮ ಮೈಯೊಳಗೆ ಕೋಟ್ಯಂತರ ಕೋಶಗಳು, ಸದ್ದಿಲ್ಲದೆ, ನಿಮಗೆ ಜಾಗ ಬಿಟ್ಟು ಹೋಗಿವೆ.