ಹಾಲುಚಿಪ್ಪಿಗೆ ಹೆಸರು ಉಳಿದದ್ದು

ಬಹಳ ಬಹಳ ಹಿಂದೆ, ಮಾಟಗಾತಿಯರೂ ಹಸಿದು ಬಾಗಿಲಿಗೆ ಬರುತ್ತಿದ್ದ ಕಾಲದಲ್ಲಿ, ಕೆನೆಪುರವೆಂಬ ರಾಜ್ಯವಿತ್ತು. ಅಲ್ಲಿನ ಅರಮನೆಯಲ್ಲಿ ಹಾಲುಚಿಪ್ಪು ಎಂಬ ಸಿಹಿ ಮಾಡುತ್ತಿದ್ದರು. ಹಾಲು, ಮೊಟ್ಟೆ, ಸಕ್ಕರೆ ಕದಡಿ, ಗೋಧಿಹಿಟ್ಟಿನ ದಪ್ಪ ಚಿಪ್ಪಿನೊಳಗೆ ಹೊಯ್ದು, ಕೆಂಡದ ಸಣ್ಣ ಕಾವಿನಲ್ಲಿ ಗಟ್ಟಿಮಾಡುವುದು. ನಮ್ಮ ಕಸ್ಟರ್ಡೇ ಅನ್ನಿ! ಆ ಹೆಸರೂ ಹೀಗೇ, ಹೊರಗಿನ ಗಟ್ಟಿ ಪದರಕ್ಕೆ ಪರದೇಶದವರು ಹೇಳುತ್ತಿದ್ದ ಮಾತಿನಿಂದ ಬಂದದ್ದು. ಪದರ ಹೋಯಿತು, ಹೆಸರು ಉಳಿಯಿತು. ಇರಲಿ, ಕತೆಗೆ ಬರೋಣ.

ಕೆನೆಪುರದ ಪದ್ಧತಿ ಏನಪ್ಪಾ ಅಂದರೆ, ಒಳಗಿನ ಸಿಹಿ ಅರಮನೆಯವರಿಗೆ. ಬರಿದಾದ ಚಿಪ್ಪು ಹಿತ್ತಿಲ ಬಾಗಿಲಲ್ಲಿ ಕಾದವರಿಗೆ. ಮೂವತ್ತು ವರ್ಷದಿಂದ ಅಲ್ಲಿ ಕಾಯುತ್ತಿದ್ದವಳು ಕಾಡಿನ ಗವಿಯ ಜಕ್ಕಜ್ಜಿ. ಅವಳು ಮಾಟಗಾತಿ ಎಂದು ಯಾರಿಗೂ ಗೊತ್ತಿರಲಿಲ್ಲ.

ಒಂದು ದಿನ ಅಡುಗೆಯ ಪದುಮಲೆಗೆ ಚಿಪ್ಪು ತಟ್ಟಿ ತಟ್ಟಿ ಬೇಸರವಾಯಿತು. ಸಿಹಿಯನ್ನು ಬೆಳ್ಳಿ ಬಟ್ಟಲಲ್ಲೇ ಬೇಯಿಸಿದಳು. ರಾಜ ಭೇಷ್ ಎಂದ. ಹೆಸರು ಮಾತ್ರ ಹಾಲುಚಿಪ್ಪು ಎಂದೇ ಉಳಿಯಿತು.

"ಚಿಪ್ಪೆಲ್ಲವ್ವಾ?" ಜಕ್ಕಜ್ಜಿ ಕೇಳಿದಳು.

"ಇನ್ನು ಚಿಪ್ಪಿಲ್ಲ ಕಣಜ್ಜಿ. ಬೆಳ್ಳಿ ಬಟ್ಟಲು ಕಡೀತೀಯಾ? ಇರೋ ಎರಡು ಹಲ್ಲೂ ಹೋದಾವು!" ಪದುಮಲೆ ನಕ್ಕಳು.

"ಹೆಸರು ಇಟ್ಕೊಂಡು ನನ್ನ ಕೂಳು ಕಿತ್ಕೊಂಡ್ಯಲ್ಲೇ! ಇನ್ನು ಈ ರಾಜ್ಯದಲ್ಲಿ ಯಾವುದೂ ಗಟ್ಟಿಯಾಗದೆ ಹೋಗಲಿ!"

ಅಂದಿನಿಂದ ಹಾಲು ಹೆಪ್ಪುಗಟ್ಟಲಿಲ್ಲ. ಕುಂಬಾರನ ಮಡಕೆ ಆವಿಗೆಯಲ್ಲೇ ಕೆಸರಾಯಿತು. ಹೊಸ ಗೋಡೆಗಳು ಕುಸಿದವು. ಮೂರನೆಯ ದಿನ ಪದುಮಲೆಯ ಗಂಡ ಕೇತಯ್ಯ ಸೌದೆ ಸೀಳುವಾಗ ಕೊಡಲಿ ಪಾದಕ್ಕೆ ತಗುಲಿತು. ಸಣ್ಣ ಗಾಯ. ಆದರೆ ರಕ್ತವೂ ಹೆಪ್ಪುಗಟ್ಟಲಿಲ್ಲ. ಬಟ್ಟೆ ಬಿಗಿದರು, ಅರಿಸಿನ ಮೆತ್ತಿದರು. ಹನಿ ನಿಲ್ಲಲೇ ಇಲ್ಲ.

"ಸಂಜೆಯವರೆಗೆ ಇದ್ದಾನು," ಎಂದು ವೈದ್ಯ ಎದ್ದು ಹೋದ.

ಪದುಮಲೆ ಹಿಟ್ಟು, ಹಾಲು, ಮೊಟ್ಟೆ, ಸಕ್ಕರೆ, ಕೆಂಡದ ಮಡಕೆ ಹೊತ್ತು ಗವಿಗೆ ಓಡಿದಳು. ಗವಿಯ ಬಾಯಲ್ಲಿ ಹೊಗೆಯಿಂದಾದ ತೋಳವೊಂದು ಕೂತಿತ್ತು.

"ಅಜ್ಜಿ, ತಪ್ಪಾಯ್ತು!"

"ತಪ್ಪು ಒಪ್ಪಿದರೆ ಹೊಟ್ಟೆ ತುಂಬುತ್ತಾ?" ಒಳಗಿಂದ ಮಾತು ಬಂತು. "ಗಟ್ಟಿ ಚಿಪ್ಪು ಮಾಡಿ ಕೊಡು, ಶಾಪ ಹೋಗುತ್ತೆ. ಮೂರು ಸಲ ನೋಡ್ತೀನಿ."

ಮೊದಲ ಸಲ ನೀರಲ್ಲಿ ನಾದಿದಳು. ಚಿಪ್ಪು ಕೆಂಡದ ಮೇಲೆ ಗಂಜಿಯಾಯಿತು. "ಒಂದಾಯ್ತು," ಎಂದು ತೋಳ ನೆಕ್ಕಿತು. ಎರಡನೆಯ ಸಲ ಮೊಟ್ಟೆ ಹಾಕಿ ನಾದಿದಳು. ಅದೂ ಗಂಜಿಯಾಯಿತು. "ಎರಡಾಯ್ತು," ಎಂದು ತೋಳ ನೆಕ್ಕಿತು.

ಸಂಜೆಯ ಬಿಸಿಲು ಮರದ ತುದಿಗೆ ಏರಿತ್ತು. ಪದುಮಲೆ ಕುಸಿದು ಕೂತಳು. ಅಳುವುದಕ್ಕೂ ತ್ರಾಣವಿರಲಿಲ್ಲ. ಉಳಿದದ್ದು ಒಂದೇ ಹಿಡಿ ಹಿಟ್ಟು. ಕೈ ಬಿಟ್ಟರೆ ಅದೂ ಕರಗುತ್ತದೆ. ಹಾಗಾದರೆ ಕೈ ಬಿಡುವುದೇ ಬೇಡ!

ಹಿಟ್ಟು ನಾದಿ, ಎರಡೂ ಅಂಗೈ ಬೊಗಸೆಮಾಡಿ ಅದನ್ನು ಚಿಪ್ಪಿನಂತೆ ಒತ್ತಿದಳು. ಬಗ್ಗಿ, ಕದಡಿದ ಹಾಲನ್ನು ಬಾಯಲ್ಲಿ ತುಂಬಿಕೊಂಡು ಅದಕ್ಕೆ ಬಿಟ್ಟಳು. ಬೊಗಸೆಯನ್ನು ಕೆಂಡದ ಮೇಲೆ ಹಿಡಿದಳು. ಚರ್ಮ ಸುಟ್ಟಿತು, ಹಿಂತೆಗೆಯಲಿಲ್ಲ. ಚೀರಿದಳು, ಹಿಂತೆಗೆಯಲಿಲ್ಲ. ತೋಳವೇ ಮುಖ ತಿರುಗಿಸಿತು. ಕೊನೆಗೆ ಕೈ ಬಿಡಿಸಿದಾಗ ಚಿಪ್ಪು ಗಟ್ಟಿಯಾಗಿ ನಿಂತಿತ್ತು, ಒಳಗೆ ಸಿಹಿ ನಡುಗುತ್ತಿತ್ತು.

ಜಕ್ಕಜ್ಜಿ ಹೊರಗೆ ಬಂದಳು. ಒಳಗಿನದನ್ನು ಜೋಪಾನವಾಗಿ ಎಲೆಗೆ ಬಳಿದು ಪದುಮಲೆಯತ್ತ ತಳ್ಳಿದಳು.

"ತಗೋ, ಇದು ನಿಮ್ಮದು."

"ಅದೂ ನಿಂದೇ ಅಜ್ಜಿ. ತಿನ್ನು."

ಅಜ್ಜಿ ಬೆರಳಲ್ಲಿ ಒಂದಿಷ್ಟು ತೆಗೆದು ನಾಲಿಗೆಗೆ ಇಟ್ಟಳು.

"ಇಷ್ಟು ಮೆತ್ತಗಿರುತ್ತೇನೇ ಇದು?" ಎಂದು ಗಳಗಳನೆ ಅತ್ತಳು. ತೋಳ ಬರೀ ಹೊಗೆಯಾಗಿ ಹಾರಿಹೋಯಿತು. ಮಾಟವೂ ಅದರ ಜೊತೆ ಹೋಯಿತು.

ಮನೆಯಲ್ಲಿ ರಕ್ತ ಹೆಪ್ಪುಗಟ್ಟಿತು. ಕೇತಯ್ಯ ಸುಣ್ಣದಂತೆ ಬಿಳಿಚಿಕೊಂಡಿದ್ದ, ಆದರೆ ಉಸಿರಿತ್ತು.

ಪದುಮಲೆಯ ಬೆರಳು ಮತ್ತೆ ಮಡಚಲಿಲ್ಲ. ಆಮೇಲೆ ಕೇತಯ್ಯ ಹಿಟ್ಟು ನಾದಿದ, ಅವಳು ಪಕ್ಕದಲ್ಲಿ ಕೂತು ಬೈದು ಕಲಿಸಿದಳು, ಜಕ್ಕಜ್ಜಿ ರುಚಿ ನೋಡಿ ಸಕ್ಕರೆ ಸಾಲದು ಎಂದಳು. ಹೀಗೆ ಮೂವರೂ ದಿನಾ ಜಗಳವಾಡುತ್ತ, ದಿನಾ ಹಂಚಿಕೊಂಡು ತಿನ್ನುತ್ತ ಸುಖವಾಗಿದ್ದರು, ಕೆನೆಪುರವೂ ಸುಖವಾಗಿತ್ತು.