ನಲವತ್ತನೇ ಹಾಸಿಗೆ

ನಾಲ್ಕನೇ ನಂಬರಿನವನು ಸುಳ್ಳು ಹೇಳುತ್ತಿದ್ದಾನೆ ಎಂದು ಅವಳಿಗೆ ಗೊತ್ತಾದದ್ದು ಲಾಂಡ್ರಿಯ ಚೀಟಿಯಿಂದ.

ಆ ನಗರದಲ್ಲಿ ಮನೆಯಿಲ್ಲದವರಿಗೆಂದು ಒಂಬತ್ತು ತಂಗುದಾಣಗಳಿದ್ದವು. ಒಂದಕ್ಕೂ ಹೆಸರಿಲ್ಲ, ಬರೀ ನಂಬರು. ಬೀದಿಯಲ್ಲಿ ಮಲಗುವವರು ಎಷ್ಟು ಸಾವಿರವೆಂದು ಯಾರೂ ಎಣಿಸಿರಲಿಲ್ಲ. ಹಾಸಿಗೆಗಳನ್ನು ಮಾತ್ರ ತಪ್ಪದೆ ದಿನವೂ ಎಣಿಸುತ್ತಿದ್ದರು. ಎಣಿಸುವ ಕೆಲಸ ಅವಳದು. ಸಹಾಯವಾಣಿ ಕಚೇರಿಯ ಮೂರನೇ ಮಹಡಿಯಲ್ಲಿ, ಮುಚ್ಚದ ಒಂದು ಕಿಟಕಿಗೆ ಬೆನ್ನು ಹಾಕಿ, ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಅವಳು ಕೂರುತ್ತಿದ್ದಳು. ಎಲ್ಲರ ಬಾಯಲ್ಲೂ ಅವಳು ಲೈನ್ ಮೇಡಂ.

ಮಧ್ಯಾಹ್ನ ಮೂರಕ್ಕೆ ಒಂದೊಂದೇ ತಂಗುದಾಣಕ್ಕೆ ಫೋನ್ ಮಾಡಿ, ಇವತ್ತಿಗೆ ಎಷ್ಟು ಖಾಲಿ ಎಂದು ಕೇಳಬೇಕು. ಐದಕ್ಕೆ ಬಾಗಿಲು ತೆರೆಯುವುದರೊಳಗೆ ಆ ಖಾಲಿಗಳನ್ನು ಕಾಯುತ್ತಿರುವವರಿಗೆ ಹಂಚಿಬಿಡಬೇಕು. ಹಾಸಿಗೆ ಇಲ್ಲ ಎಂಬ ಮಾತನ್ನು ದಿನಕ್ಕೆ ಐವತ್ತು ಅರವತ್ತು ಸಲ ಹೇಳಬೇಕಾಗುತ್ತಿತ್ತು. ಹೇಳಿ ಹೇಳಿ ಅವಳ ದನಿ ಇಸ್ತ್ರಿ ಮಾಡಿದ ಹಾಗಾಗಿತ್ತು. ಒಂದು ಮಡಿಕೆಯೂ ಕಾಣುತ್ತಿರಲಿಲ್ಲ.

ನಾಲ್ಕನೇ ನಂಬರಿನ ಮೇಲ್ವಿಚಾರಕನ ಜೊತೆ ಮಾತ್ರ ಒಂದು ನಿಮಿಷ ಹೆಚ್ಚು ಹಿಡಿಯುತ್ತಿತ್ತು. ಮೊದಮೊದಲು ಅದು ಗಂಡಸರ ತಂಗುದಾಣದ ಸೋರುವ ನಲ್ಲಿಯ ಮಾತು. ಆಮೇಲೆ ಅವಳ ಕೆಮ್ಮಿನ ಮಾತು. ಒಂದು ನಿಮಿಷ ಎರಡಾಯಿತು, ನಾಲ್ಕಾಯಿತು. ಹಿಂದೆ ಐದನೇ ನಂಬರು ಕಾಯುತ್ತಿದೆಯಲ್ಲ ಎಂಬ ಅವಸರ ಬೇಡವೆಂದು ಅವಳು ಯಾರಿಗೂ ಹೇಳದೆ ಕರೆಗಳ ಕ್ರಮವನ್ನೇ ಬದಲಾಯಿಸಿದಳು. ಒಂದು, ಎರಡು, ಮೂರು, ಐದರಿಂದ ಒಂಬತ್ತು, ಕೊನೆಗೆ ನಾಲ್ಕು. ಗಡಿಯಾರ ಆಗ ಮೂರೂ ಇಪ್ಪತ್ತು ತೋರಿಸುತ್ತಿತ್ತು.

“ನಿದ್ದೇಲಿ ನೀನು ಎಣಿಸ್ತಿದ್ದೆ ಕಣೇ,” ಎಂದಿದ್ದಳು ಚಿಕ್ಕಮ್ಮ ಒಂದು ಬೆಳಿಗ್ಗೆ, ಸೂಜಿಗೆ ದಾರ ಪೋಣಿಸುತ್ತಾ. “ಮೂರಾದ ಮೇಲೆ ಐದು ಅಂದೆ. ನಾಲ್ಕನ್ನ ಎಲ್ಲಿ ಬಚ್ಚಿಟ್ಟಿದ್ದೀಯ?”

ಅವಳು ಊಟದ ಡಬ್ಬಿಯನ್ನು ಚೀಲಕ್ಕೆ ಹಾಕಿಕೊಂಡಳು. ಅಕ್ಕನ ಮಗಳನ್ನು ಮೂವತ್ತು ವರ್ಷ ಸಾಕಿದ ಚಿಕ್ಕಮ್ಮನಿಗೆ ಉತ್ತರ ಬೇಕಾಗಿಯೂ ಇರಲಿಲ್ಲ.

ಅವನನ್ನು ಕಣ್ಣಾರೆ ಕಂಡದ್ದು ತಿಂಗಳ ಮೀಟಿಂಗುಗಳಲ್ಲಿ ಮಾತ್ರ. ನಲವತ್ತರ ಆಸುಪಾಸಿನ, ಮೊಣಕೈವರೆಗೆ ತೋಳು ಮಡಿಸಿದ ಮನುಷ್ಯ. ಕೊನೆಯ ಸಾಲಿನಲ್ಲಿ ಗೋಡೆಗೆ ಒರಗಿ ಕೂರುತ್ತಿದ್ದ. ಅವಳು ಮಾತಾಡಲು ಎದ್ದರೆ ಎಲ್ಲರೂ ಅವಳನ್ನು ನೋಡುತ್ತಿದ್ದರು, ಅವನು ಮಾತ್ರ ಮೇಜಿನ ಮೇಲಿನ ಪೆನ್ನನ್ನು ನೋಡುತ್ತಿದ್ದ. ಪೆನ್ನಿನ ಮುಚ್ಚಳ ತೆಗೆದು ಹಾಕುತ್ತಿದ್ದ. ಅವಳು ಮಾತು ನಿಲ್ಲಿಸಿದರೆ ಮುಚ್ಚಳವೂ ನಿಲ್ಲುತ್ತಿತ್ತು. ಒಂದು ಸಲ ಬೇಕೆಂದೇ ವಾಕ್ಯದ ನಡುವೆ ನಿಲ್ಲಿಸಿದಳು. ತಲೆಯೆತ್ತಿದ, ಸಿಕ್ಕಿಬಿದ್ದ, ಕಿವಿಯವರೆಗೆ ಕೆಂಪಾದ. ಆ ವಾರವಿಡೀ ಹಾಸಿಗೆ ಇಲ್ಲ ಎನ್ನುವ ಅವಳ ದನಿಯಲ್ಲಿ ಒಂದು ಮಡಿಕೆ ಬಿದ್ದಿತ್ತು.

ಅದೇ ಮೀಟಿಂಗಿನಲ್ಲಿ ಮ್ಯಾನೇಜರ್ ನಾಲ್ಕನೇ ನಂಬರಿನ ದಿನವಹಿ ರಿಜಿಸ್ಟರನ್ನು ಎತ್ತಿ ತೋರಿಸಿದ್ದರು. ಉಳಿದವರೆಲ್ಲ ಷರಾ ಕಾಲಮ್ಮನ್ನು ಖಾಲಿ ಬಿಡುತ್ತೀರಿ, ಇವರನ್ನು ನೋಡಿ ಕಲಿಯಿರಿ ಎಂದು ಗಟ್ಟಿಯಾಗಿ ಓದಿದ್ದರು: ಕೆಮ್ಮು ಕಡಿಮೆ. ಬೆಳಿಗ್ಗೆಯಿಂದ ಏನೂ ತಿಂದಿಲ್ಲ. ಇವತ್ತು ಒಂದು ಸಲ ನಕ್ಕರು. ಬಂದವರ ಬಗ್ಗೆ ಎಷ್ಟು ಕಾಳಜಿ ಎಂದು ಚಪ್ಪಾಳೆಯಾಯಿತು. ಅವನು ಚಪ್ಪಾಳೆ ತಟ್ಟದೆ ನೆಲ ನೋಡುತ್ತಿದ್ದುದನ್ನು ಅವಳು ವಿನಯವೆಂದುಕೊಂಡಳು.

ಲಾಂಡ್ರಿಯ ಚೀಟಿ ಬಂದದ್ದು ಅದಾದ ಮೇಲೆ. ಪ್ರತಿ ಸೋಮವಾರ ಒಗೆಯಲು ಹೋಗುವ ಬೆಡ್‌ಶೀಟುಗಳ ಚೀಟಿ ಬೇರೆ ಗುಮಾಸ್ತರ ಮೇಜಿಗೆ ಹೋಗಬೇಕಿತ್ತು. ಅವರು ರಜೆಯಲ್ಲಿದ್ದ ಕಾರಣ ಅವಳ ಮೇಜಿಗೆ ಬಂತು. ನಾಲ್ಕನೇ ನಂಬರು: ಶೀಟು ನಲವತ್ತು. ಅವನು ದಿನವೂ ಹೇಳುತ್ತಿದ್ದ ಲೆಕ್ಕ: ಒಂದು ಮಂಚ ಮುರಿದಿದೆ, ಒಟ್ಟು ಮೂವತ್ತೊಂಬತ್ತು. ಮುರಿದ ಮಂಚದ ಶೀಟು ಕೊಳೆಯಾಗುವುದಿಲ್ಲ. ಹಳೆಯ ಚೀಟಿಗಳನ್ನು ತೆಗೆಸಿ ನೋಡಿದಳು. ಹದಿನಾಲ್ಕು ತಿಂಗಳಿಂದ ನಲವತ್ತು.

ಒಂದು ಹಾಸಿಗೆ. ತನಗೆ ಬೇಕಾದವರಿಗೆ ಕೊಡುತ್ತಿದ್ದಾನೆ ಎಂದುಕೊಂಡಳು. ಇಸ್ತ್ರಿ ಮಾಡಿದ ದನಿಯಲ್ಲಿ ತಾನು ಇಲ್ಲ ಎಂದ ಅಷ್ಟೂ ಜನರ ಮುಖ ಕಾಣದ ದನಿಗಳು ನೆನಪಾದವು. ಮೂರು ದಿನ ನಾಲ್ಕನೇ ನಂಬರಿನ ಕರೆ ಒಂದು ನಿಮಿಷದಲ್ಲಿ ಮುಗಿಯಿತು. ಅವನು ನಲ್ಲಿಯ ವಿಷಯ ಎತ್ತಿದ. ಅವಳು ಬರೆದುಕೊಂಡಿದ್ದೇನೆ ಎಂದು ಫೋನ್ ಇಟ್ಟಳು.

ನಾಲ್ಕನೆಯ ದಿನ ಆಸ್ಪತ್ರೆಯಿಂದ ಕರೆ ಬಂತು. ಮನೆಗಳಿಗೆ ಬಣ್ಣ ಹೊಡೆಯುವ ಮುದುಕ. ಗೋಡೆಗೆ ಕಟ್ಟಿದ ಸಾರುವೆಯಿಂದ ಬಿದ್ದು ಕಾಲು ಮುರಿದಿದೆ, ಪ್ಲಾಸ್ಟರ್ ಹಾಕಿದ್ದಾರೆ, ಡಿಸ್ಚಾರ್ಜ್ ಮಾಡಿದ್ದಾರೆ. ಎಲ್ಲಿಗೆ ಎಂದು ಅವಳು ಕೇಳಿದಳು. ಗೇಟಿನ ಹೊರಗೆ ಎಂದಿತು ಆ ಕಡೆಯ ದನಿ. ಆ ದನಿಯಲ್ಲೂ ಮಡಿಕೆಯಿರಲಿಲ್ಲ. ಒಂಬತ್ತು ತಂಗುದಾಣಗಳಲ್ಲಿ ಆ ದಿನ ಖಾಲಿ ಸೊನ್ನೆ.

ಅವಳು ನಾಲ್ಕನೇ ನಂಬರಿಗೆ ಮತ್ತೆ ಫೋನ್ ಮಾಡಿದಳು.

“ನಿಮ್ಮಲ್ಲಿ ನಲವತ್ತು ಶೀಟು ಒಗೆಯೋಕೆ ಹೋಗುತ್ತೆ,” ಎಂದಳು. “ಮೂವತ್ತೊಂಬತ್ತು ಮಂಚ ಅಂತೀರಿ. ಆ ನಲವತ್ತನೇದು ನನಗೆ ಈಗ ಬೇಕು.”

ಆ ಕಡೆ ನಲ್ಲಿ ತೊಟ್ಟಿಕ್ಕುವುದು ಕೇಳಿಸಿತು. ಅವನು ಕಾರಣ ಹೇಳಲಿಲ್ಲ, ಕ್ಷಮೆಯನ್ನೂ ಕೇಳಲಿಲ್ಲ. ಯಾರಿಗೆ ಎಂದು ಮಾತ್ರ ಕೇಳಿದ. ಹೇಳಿದಳು.

“ಕಳಿಸಿ,” ಎಂದ. “ಬಾಗಿಲ ಹತ್ತಿರದ ಮಂಚವೇ. ಅವರಿಗೆ ಅನುಕೂಲ.”

ಹಾಸಿಗೆ ಕೊಟ್ಟ ಒಂದು ವಾರದೊಳಗೆ ಖುದ್ದಾಗಿ ಹೋಗಿ ವಿಚಾರಿಸಬೇಕೆಂಬುದು ಕಚೇರಿಯ ನಿಯಮ. ಮುದುಕನಿಗೆ ಹಾಸಿಗೆ ಸಿಕ್ಕ ಐದನೆಯ ದಿನದ ಮಧ್ಯಾಹ್ನ ಅವಳು ನಾಲ್ಕನೇ ನಂಬರಿಗೆ ಹೋದಳು. ಉದ್ದನೆಯ ಹಾಲ್, ಎರಡು ಸಾಲು ಕಬ್ಬಿಣದ ಮಂಚ, ಫಿನಾಯಿಲಿನ ವಾಸನೆ. ಹಗಲಿನಲ್ಲಿ ಎಲ್ಲರನ್ನೂ ಹೊರಗೆ ಕಳಿಸುವ ಪದ್ಧತಿ. ಕಾಲು ಮುರಿದವನೆಂದು ಪೇಂಟರಿಗೆ ಮಾತ್ರ ವಿನಾಯಿತಿ.

“ಈ ಊರಿನ ಅರ್ಧ ಗೋಡೆಗೆ ಬಣ್ಣ ಹೊಡ್ದೋನು ನಾನು ತಾಯಿ,” ಎಂದ ಪೇಂಟರ್. “ಬಿದ್ದ ದಿನ ಒರಗಿಕೊಳ್ಳೋಕೆ ಒಂದು ಗೋಡೆ ಕೊಡಲಿಲ್ಲ. ನಿಮ್ಮ ಈ ಮನುಷ್ಯ ತನ್ನ ಮಂಚಾನೇ ಕೊಟ್ಟ.”

ತನ್ನ ಮಂಚ ಎಂದರೇನು ಎಂದು ಅವಳು ಕೇಳಿದಳು. ಪೇಂಟರ್ ಊರುಗೋಲಿನಿಂದ ಮಂಚದ ಅಡಿ ತೋರಿಸಿದ. ಒಂದು ತಗಡಿನ ಪೆಟ್ಟಿಗೆ, ಒಂದು ಮಗ್ಗು, ಸೋಪಿನ ಡಬ್ಬಿ, ಮಡಿಸಿಟ್ಟ ಎರಡು ಅಂಗಿ. ತೋಳುಗಳು ಮೊಣಕೈವರೆಗೆ ಮಡಿಸಿಯೇ ಇದ್ದವು.

ಉಳಿದದ್ದನ್ನು ಪೇಂಟರೇ ಹೇಳಿದ. ಆ ಮೇಲ್ವಿಚಾರಕನೂ ಎರಡು ವರ್ಷದ ಹಿಂದೆ ಇಲ್ಲಿಗೇ ಹಾಸಿಗೆ ಕೇಳಿ ಬಂದವನು. ಪುಸ್ತಕಗಳಿಗೆ ರಟ್ಟು ಹಾಕುವ ಅಂಗಡಿಯಲ್ಲಿ ದುಡಿದು ಅಲ್ಲೇ ಮಲಗುತ್ತಿದ್ದ. ರಸ್ತೆ ಅಗಲಮಾಡಲು ಅಂಗಡಿ ಕೆಡವಿದರು. ಅಚ್ಚುಕಟ್ಟಿನ ಮನುಷ್ಯನೆಂದು ಇಲ್ಲಿ ಕೆಲಸಕ್ಕೆ ಇಟ್ಟುಕೊಂಡರು. ಕೆಲಸಕ್ಕೆ ಸೇರಿದವನು ಇಲ್ಲಿ ಮಲಗುವಂತಿಲ್ಲ. ಹೊರಗೆ ಕೋಣೆ ಕೇಳಲು ಹೋದರೆ ಹಿಂದಿನ ವಿಳಾಸ ಬರೆಯಿರಿ ಎನ್ನುತ್ತಾರೆ. ಈ ತಂಗುದಾಣದ್ದನ್ನೇ ಬರೆಯುತ್ತಾನೆ. ಓದಿದವರು ಬಾಗಿಲು ಹಾಕುತ್ತಾರೆ. ಹದಿನಾಲ್ಕು ತಿಂಗಳು ರಾತ್ರಿ ಒಂಬತ್ತಕ್ಕೆ ಪಾಳಿ ಮುಗಿಸಿ, ಕೀಲಿ ಇನ್ನೊಬ್ಬನಿಗೆ ಕೊಟ್ಟು, ಹೊರಗೆ ಹೋದವನಂತೆ ಗೇಟಿನವರೆಗೆ ನಡೆದು, ತಿರುಗಿ ಬಂದು ನಲವತ್ತನೇ ಮಂಚದಲ್ಲಿ ಮಲಗುತ್ತಿದ್ದ. ಈಗ ಐದು ದಿನದಿಂದ ರೈಲು ನಿಲ್ದಾಣದ ಬೆಂಚಿನ ಮೇಲೆ.

ಮನೆಯಿಲ್ಲದವರ ಕೀಲಿಗೊಂಚಲನ್ನು ಈ ನಗರ ಮನೆಯಿಲ್ಲದವನ ಕೈಗೇ ಕೊಟ್ಟಿತ್ತು. ಅವನ ಹಾಸಿಗೆಯನ್ನು ಅವಳು ಲಾಂಡ್ರಿ ಚೀಟಿಯಿಂದ ಹುಡುಕಿ ತೆಗೆದಿದ್ದಳು.

ಮೇಜಿನ ಮೇಲೆ ರಿಜಿಸ್ಟರ್ ಇತ್ತು. ಭೇಟಿಯ ಸಹಿ ಹಾಕಲು ತೆರೆದಳು. ಷರಾ: ದನಿ ಕಟ್ಟಿದೆ, ಬಿಸಿನೀರು ಕುಡಿಯಲು ಹೇಳಬೇಕಿತ್ತು. ಷರಾ: ಕೆಮ್ಮಿಲ್ಲ. ಷರಾ: ಎರಡು ಸಲ ನಕ್ಕರು. ಕೊನೆಯ ವಾರದ್ದು: ಕೋಪ ಇದೆ. ಕಾರಣ ಗೊತ್ತಿಲ್ಲ. ಅದರ ಕೆಳಗೆ: ಕಾರಣ ಗೊತ್ತಾಯಿತು. ಕೋಪ ಸರಿಯಾಗಿದೆ.

ಪ್ರತಿ ಷರಾದ ಪಕ್ಕ ಸಮಯ ಬರೆಯುವ ಖಾನೆಯಿತ್ತು. ಎಲ್ಲದರಲ್ಲೂ ಮೂರೂ ಇಪ್ಪತ್ತು. ತಂಗುದಾಣದ ಬಾಗಿಲು ತೆರೆಯುವುದು ಐದಕ್ಕೆ. ಮೂರೂ ಇಪ್ಪತ್ತಕ್ಕೆ ಇಲ್ಲಿ ಕೆಮ್ಮಲು, ನಗಲು ಒಬ್ಬ ಮನುಷ್ಯನೂ ಇರುವುದಿಲ್ಲ. ಒಂದು ಫೋನ್ ಇರುತ್ತದೆ.

ಅವನು ಶೀಟುಗಳ ಕೋಣೆಯಲ್ಲಿದ್ದ. ಎದೆಯವರೆಗೆ ಒಗೆದ ಶೀಟುಗಳನ್ನು ಹೊತ್ತು ಹೊರಬರುತ್ತಾ ಅವಳನ್ನು ಕಂಡು ನಿಂತ. ಅವಳ ಕೈಯಲ್ಲಿ ರಿಜಿಸ್ಟರ್ ಇತ್ತು. ಈ ಸಲ ನೋಡಲು ಪೆನ್ನಿರಲಿಲ್ಲ. ಶೀಟಿನ ಅಂಚು ನೋಡಿದ.

ಅವಳಿಗೆ ಹೇಳಲು ಬೇಕಾದಷ್ಟಿತ್ತು. ಹೇಳಿದ್ದು ಮಾತ್ರ ಕೆಲಸದ ದನಿಯಲ್ಲಿ ಬಂತು. ತನ್ನ ಮನೆಯಲ್ಲಿ ಚಿಕ್ಕಮ್ಮನ ಹೊಲಿಗೆ ಕೋಣೆ ಖಾಲಿ ಮಾಡಬಹುದು, ಗಾಳಿ ಬೆಳಕು ಚೆನ್ನಾಗಿದೆ, ಇವತ್ತಿನಿಂದಲೇ ಬರಬಹುದು ಎಂದಳು.

ಅವನು ಶೀಟುಗಳನ್ನು ಕೆಳಗಿಟ್ಟ.

“ಮೇಡಂ, ಆ ಪೇಂಟರ್ ಕಾಲು ನೋಡಿದ್ರಲ್ಲ. ನೀವು ಮಾಡಿದ್ದು ಸರಿ, ಅದಕ್ಕೆ ಪ್ರಾಯಶ್ಚಿತ್ತ ಬೇಕಾಗಿಲ್ಲ. ಒಂದು ಸಲ ಕೇಸಾಗಿ ಈ ಮೆಟ್ಟಿಲು ಹತ್ತಿದ್ದೀನಿ. ನಿಮ್ಮ ಮನೆ ಮೆಟ್ಟಿಲನ್ನ ಕೇಸಾಗಿ ಹತ್ತಲ್ಲ.”

ಅವಳು ರಿಜಿಸ್ಟರಿನಲ್ಲಿ ಸಹಿ ಹಾಕಿ ಬಂದಳು.

ಚಿಕ್ಕಮ್ಮ ಎಲ್ಲವನ್ನೂ ಕೇಳಿಸಿಕೊಂಡಳು. ಹೊಲಿಗೆ ಮಿಷನ್ನಿನ ಚಕ್ರ ಒಂದು ಸಲವೂ ನಿಲ್ಲಲಿಲ್ಲ. ಕೊನೆಗೆ ದಾರ ಕತ್ತರಿಸಿ ಕನ್ನಡಕ ತೆಗೆದಳು.

“ಅವನಿಗೆ ಏನಂದೆ? ಜಾಗ ಇದೆ ಅಂದೆಯಾ, ನೀನು ಬೇಕು ಅಂದೆಯಾ?”

“ಜಾಗ ಇದೆ ಅಂದೆ.”

“ಜಾಗ ಯಾರು ಬೇಕಾದ್ರೂ ಕೊಡ್ತಾರೆ ಕಣೇ,” ಎಂದಳು ಚಿಕ್ಕಮ್ಮ. ತಾನೇ ಆಡಿದ ಮಾತು ಸುಳ್ಳೆಂದು ಹೊಳೆದು ನಕ್ಕಳು. “ಯಾರೂ ಕೊಡಲ್ಲ, ಆಯ್ತು. ಆದ್ರೂ ಅವನು ಕೇಳ್ತಿರೋದು ಅದನ್ನಲ್ಲ.”

ಮರುದಿನ ಅವಳು ನಿಯಮಗಳ ಪುಸ್ತಕ ಓದಿದಳು. ಹನ್ನೆರಡು ವರ್ಷದಲ್ಲಿ ಯಾರೂ ಪೂರ್ತಿ ಓದಿರದ ಪುಸ್ತಕ. ತಾನು ಕೆಲಸ ಮಾಡುವ ತಂಗುದಾಣದಲ್ಲಿ ಸಿಬ್ಬಂದಿ ಮಲಗಬಾರದು ಎಂದಿತ್ತು. ಬೇರೆಯದರಲ್ಲಿ ಮಲಗಬಾರದು ಎಂದು ಎಲ್ಲೂ ಇರಲಿಲ್ಲ. ಇದನ್ನು ಹದಿನಾಲ್ಕು ತಿಂಗಳ ಹಿಂದೆ ಯಾರಾದರೂ ಅವನಿಗೆ ಹೇಳಬಹುದಿತ್ತು. ಹೇಳಬೇಕಾದವಳು ತಾನೇ ಆಗಿದ್ದಳು.

ಮೂರಕ್ಕೆ ಕರೆಗಳನ್ನು ಶುರುಮಾಡಿದಳು. ಏಳನೇ ನಂಬರಿನಲ್ಲಿ ಒಂದು ಖಾಲಿ ಇತ್ತು. ಅದನ್ನು ಯಾರಿಗೂ ಕೊಡದೆ ಹಿಡಿದಿಟ್ಟಳು. ಮೂರೂ ಇಪ್ಪತ್ತಕ್ಕೆ ನಾಲ್ಕನೇ ನಂಬರು.

“ಒಟ್ಟು ನಲವತ್ತು,” ಎಂದ ಅವನು. “ಖಾಲಿ ಇಲ್ಲ.”

“ಖಾಲಿ ಕೇಳೋಕೆ ಫೋನ್ ಮಾಡಿಲ್ಲ. ಫಾರಂ ತುಂಬಬೇಕು, ನಿಮ್ಮದು.”

ಅವನು ಬೇಡ ಎನ್ನಲು ಹೊರಟ. ಏಳನೇ ನಂಬರಿನ ಹಾಸಿಗೆಯ ವಿಷಯ, ನಿಯಮದ ವಿಷಯ ಎರಡನ್ನೂ ಹೇಳಿದಳು. ಅದು ಅವನ ಹಕ್ಕು, ತನ್ನ ಉಪಕಾರವಲ್ಲ ಎಂದಳು. ಐದರವರೆಗೆ ಅದು ಅವನ ಹೆಸರಿನಲ್ಲಿ ಇರುತ್ತದೆ. ಹಾಗಾದರೆ ಕೇಳಿ ಎಂದ. ಅವಳು ಪ್ರಶ್ನೆಗಳನ್ನು ಓದತೊಡಗಿದಳು. ವಯಸ್ಸು. ಕಾಯಿಲೆ. ನಿನ್ನೆ ಎಲ್ಲಿ ಮಲಗಿದ್ದಿರಿ. ಬೆಂಚು ಎಂದ. ಎಷ್ಟು ದಿನದಿಂದ. ಆರು ಎಂದ. ಸಾವಿರ ಸಲ ಕೇಳಿದ ಪ್ರಶ್ನೆಗಳು. ಐದನೆಯದರವರೆಗೆ ದನಿ ಇಸ್ತ್ರಿಯಾಗಿಯೇ ಇತ್ತು.

ಆರನೆಯದು ಏನೆಂದು ಇಬ್ಬರಿಗೂ ಗೊತ್ತಿತ್ತು. ಫಾರಮ್ಮಿನಲ್ಲಿ ಅತಿ ಕ್ರೂರವಾದ ಪ್ರಶ್ನೆ ಅದು. ಈ ಊರಿನಲ್ಲಿ ನಿಮ್ಮನ್ನು ಸೇರಿಸಿಕೊಳ್ಳುವವರು ಯಾರಾದರೂ ಇದ್ದಾರೆಯೇ? ಇದ್ದಾರೆ ಎಂದವರಿಗೆ ಹಾಸಿಗೆ ಸಿಗುವುದಿಲ್ಲ. ಹಾಗಾಗಿ ಎಲ್ಲರೂ ಇಲ್ಲ ಎನ್ನುತ್ತಾರೆ. ಅಣ್ಣಂದಿರಿರುವವರು, ಮಕ್ಕಳಿರುವವರು, ಅರ್ಧ ಊರಿಗೆ ಬಣ್ಣ ಹೊಡೆದವರು, ಎಲ್ಲರೂ. ಹೆಚ್ಚಿನವರದು ನಿಜವೇ ಆಗಿರುತ್ತದೆ.

“ಆರನೇದಕ್ಕೆ ನೀವು ಉತ್ತರ ಹೇಳೋ ಮುಂಚೆ ನಾನೊಂದು ಹೇಳಬೇಕು,” ಎಂದಳು. ಪಕ್ಕದ ಮೇಜಿನವಳು ಟೈಪ್ ಮಾಡುವುದನ್ನು ನಿಲ್ಲಿಸಿದಳು. “ನಿನ್ನೆ ಜಾಗ ಇದೆ ಅಂದೆ. ಅದು ತಪ್ಪು. ನಿಮ್ಮನ್ನ ಕೊನೆಗೆ ಇಟ್ಟುಕೊಂಡು ಒಂದು ವರ್ಷದಿಂದ ಫೋನ್ ಮಾಡ್ತಿದ್ದೀನಿ, ಹಿಂದೆ ಯಾರೂ ಕಾಯದಿರಲಿ ಅಂತ. ನನಗೆ ನೀವು ಬೇಕು. ನಾಳೆ ನಿಮಗೆ ಅರಮನೆ ಸಿಕ್ಕಿದ್ರೂ ಬೇಕು. ಏಳನೇ ನಂಬರಿಗೆ ಹೋದ್ರೂ ಇದು ಹೀಗೇ ಇರುತ್ತೆ, ನಾಳೆ ಮೂರೂ ಇಪ್ಪತ್ತಕ್ಕೆ ಫೋನ್ ಬರುತ್ತೆ. ಈಗ ಹೇಳಿ.”

ಫೋನಿನಲ್ಲಿ ನಲ್ಲಿ ತೊಟ್ಟಿಕ್ಕುತ್ತಿತ್ತು. ಅವಳು ಹನಿಗಳನ್ನು ಎಣಿಸಿದಳು. ಮೂರಾದ ಮೇಲೆ ಈ ಸಲ ನಾಲ್ಕೇ ಬಂತು.

“ಇದ್ದಾರೆ ಅಂದ್ರೆ ಹಾಸಿಗೆ ಹೋಗುತ್ತಲ್ವಾ?” ಎಂದ.

“ಹೋಗುತ್ತೆ.”

“ಬೇರೆಯವರಿಗೆ?”

“ಬೇರೆಯವರಿಗೆ. ಹನ್ನೊಂದು ಜನ ಕಾಯ್ತಿದ್ದಾರೆ.”

“ಹಾಗಾದ್ರೆ ಬರೀರಿ,” ಎಂದ ಅವನು. “ಇದ್ದಾರೆ ಅಂತ.”

ಅವಳು ಬರೆದಳು. ಅಕ್ಷರ ಸೊಟ್ಟಗಾಯಿತು. ಮುಂದಿನ ಖಾನೆ, ಸಂಬಂಧ ಏನು ಎಂಬುದು, ಖಾಲಿ ಉಳಿಯಿತು. ಅದನ್ನು ಎದುರಿಗೆ ಕೂತು ತುಂಬೋಣ ಎಂದ ಅವನು. ಏಳನೇ ನಂಬರಿನ ಹಾಸಿಗೆಯನ್ನು ಅವಳು ಮುಂದಿನ ಕರೆಗೆ ಕೊಟ್ಟಳು. ಸೇತುವೆಯ ಕೆಳಗಿಂದ ಮಾತಾಡುತ್ತಿದ್ದ ಆ ಮನುಷ್ಯ ನಿಜವಾಗಿಯೂ ಇದೆಯಾ ಎಂದು ಎರಡು ಸಲ ಕೇಳಿದ. ಉಳಿದ ಹತ್ತು ಜನರಿಗೆ ಆ ದಿನವೂ ಇಲ್ಲ ಎಂದೇ ಹೇಳಿದಳು. ಪ್ರೀತಿಯಿಂದ ಈ ನಗರಕ್ಕೆ ಒಂದು ಹಾಸಿಗೆ ಉಳಿಯಿತು, ಅಷ್ಟೇ. ಉಳಿದವುಗಳ ಉತ್ತರವನ್ನು ಬೇರೆಯವರು ಕೊಡಬೇಕು.

ಮುಂದಿನ ತಿಂಗಳ ಮೀಟಿಂಗಿಗೆ ಮ್ಯಾನೇಜರ್ ಸಪ್ಪೆ ಮುಖ ಹೊತ್ತು ಬಂದರು. ನಾಲ್ಕನೇ ನಂಬರಿನ ಷರಾ ಕಾಲಮ್ಮು ಇಪ್ಪತ್ತಾರು ದಿನದಿಂದ ಖಾಲಿಯಿದೆ, ಕಾಳಜಿ ಎಲ್ಲಿ ಹೋಯಿತು ಎಂದು ಎಲ್ಲರೆದುರು ಕೇಳಿದರು. ಮೇಲ್ವಿಚಾರಕ ಈ ಸಲ ಪೆನ್ನು ನೋಡುತ್ತಿರಲಿಲ್ಲ. ಮೊದಲ ಸಾಲಿನಲ್ಲಿ ಕೂತಿದ್ದ ಲೈನ್ ಮೇಡಂ ಕೆಮ್ಮಿದಳು. ಅವನು ಎದ್ದು ಹೋಗಿ ಅವಳಿಗೆ ಒಂದು ಲೋಟ ಬಿಸಿನೀರು ತಂದುಕೊಟ್ಟು, ಅವಳ ಪಕ್ಕದಲ್ಲೇ ಕೂತ.